ನೀರು ನುಗ್ಗಿದ ಮನೆಯಲ್ಲಿ 19 ದಿನ: ಬಾಡಿಗೆ ಡೀಹ್ಯೂಮಿಡಿಫೈಯರ್ ಹೇಗಿತ್ತು

ಮೊದಲೇ ಹೇಳಿಬಿಡುತ್ತೇನೆ. 2022ರಲ್ಲಿ ಬೆಂಗಳೂರಿನ ನಮ್ಮ ಮನೆಗೆ ನೀರು ನುಗ್ಗಿದ ಮೇಲೆ ನಾವು ಖರ್ಚು ಮಾಡಿದ ದುಡ್ಡಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಈ ಬಾಡಿಗೆ ಮೆಷಿನ್. ದಿನಕ್ಕೆ 50 ಲೀಟರ್ ಎಂದು ಬರೆದಿದ್ದ ದೊಡ್ಡ ಡೀಹ್ಯೂಮಿಡಿಫೈಯರ್ ಅದು, ಅಂದರೆ ಕೋಣೆಯ ಗಾಳಿಯಲ್ಲಿರುವ ತೇವವನ್ನು ನೀರಾಗಿ ಎಳೆದು ತೆಗೆಯುವ ಮೆಷಿನ್. ಚಕ್ರ ಇದೆ, ಆದರೂ ಇಬ್ಬರು ಹಿಡಿದೇ ಮೆಟ್ಟಿಲು ಹತ್ತಿಸಬೇಕು. ಆಗ ದಿನಕ್ಕೆ 700 ರೂಪಾಯಿ ಬಾಡಿಗೆ ಇತ್ತು. 19 ದಿನ ಇಟ್ಟುಕೊಂಡೆವು. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟ್ ಮುಳುಗಿದಾಗ, ಆಮೇಲೆ 2025ರ ಮೇನಲ್ಲಿ ಸಾಯಿ ಲೇಔಟ್ ಮುಳುಗಿದಾಗ, ಪರಿಚಯದವರೆಲ್ಲ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ, "ನೀವು ಆಗ ಏನು ಮಾಡಿದಿರಿ?" ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ಆದರೆ ಮೆಷಿನ್ ನಮ್ಮ ಮನೆಗೆ ಬಂದದ್ದು ನೀರು ಇಳಿದ ನಾಲ್ಕನೇ ದಿನ. ಅದಕ್ಕೆ ಮುಂಚಿನ ಕೆಲಸ ಕೆಟ್ಟಿದ್ದರೆ ಎಂಥ ಮೆಷಿನ್ ತಂದರೂ ಪ್ರಯೋಜನ ಇರುತ್ತಿರಲಿಲ್ಲ. ಹಾಗಾಗಿ ಅಲ್ಲಿಂದ ಶುರು ಮಾಡುತ್ತೇನೆ.

2022ರ ಸೆಪ್ಟೆಂಬರ್ 4, ಭಾನುವಾರ ರಾತ್ರಿ. ಗಣೇಶ ಹಬ್ಬ ಆಗಿ ನಾಲ್ಕೇ ದಿನ, ಬಾಗಿಲಿಗೆ ಕಟ್ಟಿದ ಮಾವಿನ ತೋರಣ ಇನ್ನೂ ಹಾಗೇ ಇತ್ತು. ಮರುದಿನ ಬೆಳಗ್ಗೆ ಲೆಕ್ಕ ಹಾಕಿದಾಗ ನಗರದಲ್ಲಿ 131.6 ಮಿಲಿಮೀಟರ್ ಮಳೆ ಬಿದ್ದಿತ್ತು. ನಮ್ಮದು ಸರ್ಜಾಪುರ ರಸ್ತೆ ಕಡೆ, ರಾಜಕಾಲುವೆಗೆ (ಮಳೆನೀರಿನ ದೊಡ್ಡ ಕಾಲುವೆ) ಹತ್ತಿರದ ತಗ್ಗು ಜಾಗ, ನೆಲಮಹಡಿ. ನೀರು ಮುಂಬಾಗಿಲಿಂದ ಬರಲಿಲ್ಲ. ಬಚ್ಚಲಿನ ಮೋರಿಯಿಂದ ಮೇಲೆ ಉಕ್ಕಿತು. ಅದು ಗೊತ್ತಿಲ್ಲದೆ ನಾವು ಹೊಸ್ತಿಲಿಗೆ ಹಳೇ ಬಟ್ಟೆ, ಮರಳಿನ ಚೀಲ ಜೋಡಿಸುತ್ತಾ ಕೂತಿದ್ದೆವು. ತಗ್ಗಿನಲ್ಲಿ ಇರುವವರು ಮೊದಲು ಬಚ್ಚಲು, ಕಕ್ಕಸಿನ ತೂತುಗಳನ್ನು ಬಟ್ಟೆ ತುರುಕಿ ಮುಚ್ಚಿ, ಮೇಲೆ ಭಾರ ಇಡಿ. ಬೆಳಗಿನ ಜಾವ ಮೂರಕ್ಕೆ ಹಾಲ್‌ನಲ್ಲಿ ಒಂದೂವರೆ ಅಡಿ ನೀರು.

ಆಗ ಮಾಡಿದ ಒಂದು ಕೆಲಸದ ಬಗ್ಗೆ ನನಗೆ ಇವತ್ತಿಗೂ ಸಮಾಧಾನ ಇದೆ. ನೀರು ಒಳಗೆ ಬರುತ್ತಿದ್ದ ಹಾಗೆ, ನಮ್ಮ ಯಜಮಾನರು ಇನ್ನೂ ಒಣಗಿದ್ದ ಮೆಟ್ಟಿಲ ಮೇಲೆ ನಿಂತು ಮೇನ್ ಸ್ವಿಚ್ ಆಫ್ ಮಾಡಿದರು, ಆಮೇಲೆ ಯುಪಿಎಸ್ ಕೂಡ. ಈ ಯುಪಿಎಸ್ ವಿಷಯ ಎಷ್ಟೋ ಜನಕ್ಕೆ ಹೊಳೆಯುವುದಿಲ್ಲ. ಕರೆಂಟ್ ಹೋಗಿದೆ, ಇನ್ನೇನು ಭಯ ಎಂದು ನೀರಿಗೆ ಇಳಿಯುತ್ತಾರೆ. ಬೆಸ್ಕಾಂ ಲೈನ್ ಹೋಗಿರುತ್ತದೆ, ಆದರೆ ಮೆಟ್ಟಿಲ ಕೆಳಗಿನ ಬ್ಯಾಟರಿ ಮನೆಯ ಅರ್ಧ ವೈರಿಗೆ ಕರೆಂಟ್ ಕೊಡುತ್ತಲೇ ಇರುತ್ತದೆ! ಬೋರ್ಡ್ ಇರುವ ಜಾಗದಲ್ಲೇ ನೀರು ನಿಂತಿದ್ದರೆ ಹತ್ತಿರ ಹೋಗಲೇ ಬೇಡಿ. ಬೆಸ್ಕಾಂನ 1912ಕ್ಕೆ ಫೋನ್ ಮಾಡಿ, ಲೈನ್ ತೆಗೆಸಿ, ಕಾಯಿರಿ. ನೀರು ಮುಟ್ಟಿದ ಫ್ರಿಜ್, ವಾಷಿಂಗ್ ಮೆಷಿನ್ ಆನ್ ಮಾಡಿ ನೋಡೋಣ ಎನ್ನುವುದೂ ಬೇಡ. ಕಾರೂ ಅಷ್ಟೇ. ಎಂಜಿನ್ ಒಳಗೆ ನೀರು ಹೋಗಿರುವಾಗ ಸ್ಟಾರ್ಟ್ ಮಾಡಿದರೆ ಪೂರ್ತಿ ಎಂಜಿನ್ನೇ ಹಾಳಾಗುತ್ತದೆ, ಎಳೆಸಿಕೊಂಡೇ ಹೋಗಬೇಕು.

ಮಂಗಳವಾರ ಸಂಜೆ ನೀರು ಇಳಿಯತೊಡಗಿತು. ಅದಕ್ಕೆ ಮುಂಚೆ ಪಂಪ್ ತರಿಸಿ ಸುಮ್ನೆ ದುಡ್ಡು ಕಳೆದವರು ನಮ್ಮ ಬೀದಿಯಲ್ಲೇ ಇದ್ದರು. ರಸ್ತೆಯಲ್ಲೂ ಅಷ್ಟೇ ಎತ್ತರ ನೀರು ಇರುವಾಗ ಹೊರಗೆ ಹಾಕಿದ್ದು ಮೋರಿಯಿಂದ ಮತ್ತೆ ಒಳಗೇ ಬರುತ್ತದೆ. ಕೆಸರಿನ ವಿಷಯದಲ್ಲಿ ಮಾತ್ರ ಕಾಯಬಾರದು. ನೀರು ಪಾದದಷ್ಟು ಇರುವಾಗಲೇ ಅದೇ ನೀರಿನ ಜೊತೆ ವೈಪರ್ ಹಾಕಿ ಕೆಸರನ್ನು ಹೊರಗೆ ತಳ್ಳಬೇಕು. ಒಮ್ಮೆ ಒಣಗಿದರೆ ಟೈಲ್ಸ್ ಸಂದಿಯಲ್ಲಿ ಸಿಮೆಂಟಿನ ಹಾಗೆ ಕೂರುತ್ತದೆ. ನಮಗೆ ಇದು ಬೇರೆ ದಾರಿ ಇಲ್ಲದೆ ಗೊತ್ತಾದದ್ದು. ಅದೇ ಮಳೆಗೆ ಬೆಂಗಳೂರಿಗೆ ಕಾವೇರಿ ನೀರು ಕಳಿಸುವ ಮಂಡ್ಯ ಜಿಲ್ಲೆ ತೊರೆಕಾಡನಹಳ್ಳಿಯ ಪಂಪಿಂಗ್ ಸ್ಟೇಷನ್ನಿಗೇ ನೀರು ನುಗ್ಗಿ, ನಲ್ಲಿ ನೀರು ನಿಂತುಹೋಗಿತ್ತು. ಸಂಪಿನಲ್ಲಿದ್ದದ್ದು ಚರಂಡಿ ನೀರು. ಮನೆ ತುಂಬಾ ನೀರು, ತೊಳೆಯುವುದಕ್ಕೆ ಒಂದು ಬಕೆಟ್ ಶುದ್ಧ ನೀರಿಲ್ಲ. ಆ ಎರಡು ದಿನ ಅಮ್ಮನ ಮುಖ ನೋಡುವುದಕ್ಕೆ ಆಗುತ್ತಿರಲಿಲ್ಲ.

ಬ್ಲೀಚಿಂಗ್ ಪೌಡರ್ ಹಾಕಿದ್ದು ಕೆಸರು ಪೂರ್ತಿ ಹೋದ ಮೇಲೆ. ಅದರ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ಗಮ್ ಬೂಟು ಹಾಕಿಕೊಳ್ಳಿ, ಇಲಿ ಜ್ವರ ಬರುವುದು ಇಂಥ ನೀರಿನಿಂದಲೇ.

ಏನನ್ನೂ ಹೊರಗೆ ಹಾಕುವ ಮೊದಲು ಫೋಟೋ ತೆಗೆಯಿರಿ. ಗೋಡೆಯ ಮೇಲೆ ನೀರು ನಿಂತ ಗೆರೆ ಇರುತ್ತಲ್ವಾ, ಅದರ ಪಕ್ಕ ಟೇಪ್ ಹಿಡಿದು ಅಳತೆ ಕಾಣುವ ಹಾಗೆ ತೆಗೆಯಿರಿ. ಮನೆ ಸಾಲ ಇರುವವರು ಹಳೇ ಕಾಗದ ಒಮ್ಮೆ ಹುಡುಕಿ, ಎಷ್ಟೋ ಸಲ ಬ್ಯಾಂಕಿನವರು ಸಾಲದ ಜೊತೆಗೇ ವಿಮೆ ಮಾಡಿಸಿರುತ್ತಾರೆ, ನಮಗೇ ನೆನಪಿರುವುದಿಲ್ಲ. 2021ರ ಏಪ್ರಿಲ್‌ನಲ್ಲಿ ಬಂದ ಭಾರತ್ ಗೃಹ ರಕ್ಷಾ ಎಂಬ ಮನೆ ವಿಮೆ ಪಾಲಿಸಿಯಲ್ಲಿ ಪ್ರವಾಹವೂ ಸೇರಿದೆ. ಒದ್ದೆಯಾದ ಆಸ್ತಿ ಪತ್ರ, ಹಳೇ ಫೋಟೋಗಳನ್ನು ಬಿಸಿಲಿಗೆ ಇಡಬೇಡಿ, ಎಳೆದು ಬಿಡಿಸಲೂ ಬೇಡಿ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಫ್ರೀಜರಿನಲ್ಲಿ ಇಟ್ಟರೆ ಹಾಗೇ ಉಳಿಯುತ್ತವೆ, ಪುರುಸೊತ್ತಾದಾಗ ಒಂದೊಂದೇ ತೆಗೆದು ಒಣಗಿಸಬಹುದು. ಅಮ್ಮನ ಮದುವೆ ಫೋಟೋ ಉಳಿದದ್ದು ಮೇಲಿನ ಮನೆಯವರ ಫ್ರೀಜರಿನಿಂದ. ಹಾಸಿಗೆಗಳನ್ನು ಉಳಿಸಿಕೊಳ್ಳಲು ನೋಡಬೇಡಿ. ಒದ್ದೆ ಹತ್ತಿಗೆ ಒಂದೆರಡು ದಿನದಲ್ಲೇ ಬೂಷ್ಟು ಹತ್ತುತ್ತದೆ, ಹಿಡಿದರೆ ಬಿಡುವುದಿಲ್ಲ.

ಈಗ ಮೆಷಿನ್. ನೆಲ ಒರೆಸಿ ಆದ ಮೇಲೆ ಮನೆ ಒಣಗಿದ ಹಾಗೇ ಕಾಣುತ್ತದೆ. ಆದರೆ ಗೋಡೆ ನೀರು ಕುಡಿದಿರುತ್ತದೆ. ನಮ್ಮಲ್ಲಿ ನೀರು ನಿಂತದ್ದು ಒಂದೂವರೆ ಅಡಿ, ತೇವ ಏರಿದ್ದು ಮೂರು ಅಡಿ ತನಕ. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಇಟ್ಟಿಗೆ, ಗಾರೆ ನೀರನ್ನು ಮೇಲಕ್ಕೆ ಎಳೆಯುತ್ತವೆ. ನಾವು ಎರಡು ದಿನ ಎಲ್ಲಾ ಕಿಟಕಿ ತೆಗೆದು ಫ್ಯಾನ್ ಹಾಕಿ ಕೂತೆವು. ಹೊರಗೆ ದಿನವೂ ಮಳೆ, ಗಾಳಿಯಲ್ಲೇ ಅಷ್ಟು ತೇವ ಇರುವಾಗ ಗೋಡೆ ಒಣಗುವುದೆಲ್ಲಿ? ಗಾಳಿಯ ತೇವ ಅಳೆಯುವ ನೂರು ರೂಪಾಯಿ ಚಿಲ್ಲರೆಯ ಮೀಟರ್ ತಂದು ಇಟ್ಟರೆ 88 ಪರ್ಸೆಂಟ್ ತೋರಿಸಿತು.

ಮೆಷಿನ್ ತಂದುಕೊಟ್ಟ ಹುಡುಗ ಬಂದ ತಕ್ಷಣ ಮಾಡಿದ್ದು ಕಿಟಕಿ ಮುಚ್ಚುವ ಕೆಲಸ. "ಮೇಡಂ, ಕಿಟಕಿ ತೆಗೆದಿಟ್ರೆ ಇದು ಇಡೀ ಬೆಂಗಳೂರಿನ ತೇವ ಎಳೀತಾ ಕೂರುತ್ತೆ, ನಿಮ್ಮ ಗೋಡೆದು ಎಳೆಯಲ್ಲ" ಎಂದ. ಅಮ್ಮನಿಗೆ ಒಪ್ಪಿಗೆ ಆಗಲಿಲ್ಲ, ಮುಗ್ಗಲು ವಾಸನೆ ಇರುವ ಮನೆಯನ್ನು ಯಾರಾದರೂ ಮುಚ್ಚುತ್ತಾರಾ ಎಂದರು. ಸಂಜೆ ಟ್ಯಾಂಕಿನಲ್ಲಿ ತುಂಬಿದ್ದ ನೀರು ನೋಡಿದ ಮೇಲೆ ಅವರೇ ಕಿಟಕಿಗೆ ಕಾವಲು ನಿಂತರು. ಇದು ಕೆಲಸ ಮಾಡುವುದು ಎಸಿ ಥರವೇ. ಒಳಗೆ ತಣ್ಣನೆಯ ಕೊಳವೆಗಳಿವೆ, ಕೋಣೆಯ ಗಾಳಿ ಅದಕ್ಕೆ ತಾಗಿದಾಗ ತೇವ ನೀರಾಗಿ ಇಳಿಯುತ್ತದೆ, ಒಣ ಗಾಳಿ ಹೊರಗೆ ಬರುತ್ತದೆ. ಜೊತೆಗೆ ಗೋಡೆಗೆ ಓರೆಯಾಗಿ ಒಂದು ಪೆಡೆಸ್ಟಲ್ ಫ್ಯಾನ್ ಇಟ್ಟರೆ ಬೇಗ ಆಗುತ್ತದೆ. ನಾವು ಒಂದೊಂದೇ ಕೋಣೆ ಬಾಗಿಲು ಹಾಕಿ ಮಾಡಿದೆವು. ಇಡೀ ಮನೆಗೆ ಒಟ್ಟಿಗೆ ಓಡಿಸಿದ ಮೊದಲ ದಿನ ಮೀಟರ್ ಅಲುಗಾಡಲೇ ಇಲ್ಲ.

50 ಲೀಟರ್ ಎಂದು ಬರೆದಿದ್ದರೂ 50 ಬರುವುದಿಲ್ಲ, ಅದು ತಿಳಿದಿರಲಿ. ಆ ಅಂಕಿ ಸಾಮಾನ್ಯವಾಗಿ 30 ಡಿಗ್ರಿ ಸೆಖೆ, 80 ಪರ್ಸೆಂಟ್ ತೇವದಲ್ಲಿ ಅಳೆದದ್ದು. ಸೆಪ್ಟೆಂಬರ್ ಬೆಂಗಳೂರು ಅಷ್ಟು ಬಿಸಿ ಇರುವುದಿಲ್ಲ. ನಮಗೆ ಮೊದಲ ಮೂರು ದಿನ 22ರಿಂದ 24 ಲೀಟರ್ ಬಂತು, ನಾನು ಬಕೆಟ್ಟಿನಲ್ಲೇ ಅಳೆದು ಕ್ಯಾಲೆಂಡರ್ ಮೇಲೆ ಬರೆದಿಟ್ಟಿದ್ದೆ. ಹನ್ನೆರಡನೇ ದಿನಕ್ಕೆ 6 ಲೀಟರ್. ಕೊನೆಗೆ 2. ಮೀಟರ್ 88ರಿಂದ 52ಕ್ಕೆ ಇಳಿಯಿತು. ಅದಕ್ಕಿಂತ ನನಗೆ ಖುಷಿಯಾದದ್ದು ಆ ಮುಗ್ಗಲು ವಾಸನೆ ಹೋಗಿದ್ದು. ಒಂಬತ್ತನೇ ದಿನ ಬೆಳಗ್ಗೆ ಎದ್ದು ಬಂದಾಗ ಕಾಫಿ ವಾಸನೆ ಕಾಫಿ ವಾಸನೆಯಾಗೇ ಬಂತು.

ತೊಂದರೆಗಳೂ ಇವೆ. ನಮಗೆ ಬಂದ ಮೆಷಿನ್ನಿನ ಫಿಲ್ಟರ್ ಧೂಳು ತುಂಬಿತ್ತು, ನೀರು ಹೋಗುವ ಪೈಪನ್ನೇ ಕೊಟ್ಟಿರಲಿಲ್ಲ. ಪೈಪ್ ಇಲ್ಲದಿದ್ದರೆ ರಾತ್ರಿ ಟ್ಯಾಂಕ್ ತುಂಬಿ ಮೆಷಿನ್ ತಾನೇ ನಿಲ್ಲುತ್ತದೆ, ಬೆಳಗಿನ ತನಕ ಬಾಡಿಗೆ ದಂಡ. ತರುವವರ ಎದುರಿಗೇ ಫಿಲ್ಟರ್ ತೆಗೆಸಿ ನೋಡಿ, ಪೈಪ್ ಕೇಳಿ ತೆಗೆದುಕೊಳ್ಳಿ. ಸದ್ದು ತುಂಬಾ ಜಾಸ್ತಿ, ಆ ಕೋಣೆಯಲ್ಲಿ ಮಲಗುವುದಕ್ಕೆ ಆಗುವುದಿಲ್ಲ. ಕೋಣೆ ಬಿಸಿಯೂ ಆಗುತ್ತದೆ. 24 ಗಂಟೆ ಓಡಿದರೆ ದಿನಕ್ಕೆ 18, 19 ಯೂನಿಟ್ ಕರೆಂಟ್, ನಮಗೆ ಒಟ್ಟು ಸುಮಾರು 350 ಯೂನಿಟ್ ಆಯಿತು. ಮತ್ತೆ, ಕೆಳಗಿನ ಪ್ಲಗ್ ಪಾಯಿಂಟುಗಳೆಲ್ಲ ನೀರಲ್ಲಿ ಮುಳುಗಿದ್ದವು ಅಲ್ವಾ? ಅವುಗಳಿಗೆ ಸಿಕ್ಕಿಸಲಿಲ್ಲ. ಎಲೆಕ್ಟ್ರಿಷಿಯನ್ ಬಂದು ಮೆಗ್ಗರ್ (ವೈರಿನಿಂದ ಕರೆಂಟ್ ಸೋರುತ್ತಿದೆಯಾ ಎಂದು ನೋಡುವ ಮೀಟರ್) ಹಾಕಿ ನೋಡಿ, ಆ ಲೈನ್ ಬಿಡಿಸಿ, ಮೇಲಿನ ಮಹಡಿಯಿಂದ ದಪ್ಪ ವೈರ್ ಎಳೆದುಕೊಟ್ಟ ಮೇಲೆಯೇ ಮೆಷಿನ್ ಶುರು ಮಾಡಿದ್ದು.

ಎಲ್ಲವನ್ನೂ ಇದು ಉಳಿಸುವುದಿಲ್ಲ. ಅಡುಗೆಮನೆಯ ಕೆಳಗಿನ ಕಪಾಟು ಪಾರ್ಟಿಕಲ್ ಬೋರ್ಡಿನದು, ಬೇಕರಿ ಪಫ್ಸ್ ಥರ ಪದರ ಪದರ ಎದ್ದಿತ್ತು, ಕಿತ್ತು ಹಾಕಿದೆವು. ಮಲಗುವ ಕೋಣೆಯ ವಾರ್ಡ್‌ರೋಬ್ 710 ನಂಬರಿನ ಐಎಸ್‌ಐ ಗುರುತಿದ್ದ, ನೀರು ತಡೆಯುವ ಮರೀನ್ ಪ್ಲೈವುಡ್ಡಿನದು, ಅದು ಒಣಗಿ ಚೆನ್ನಾಗೇ ಇದೆ. ಅಮ್ಮನ ತೇಗದ ಮಂಚವನ್ನು ಮಾತ್ರ ಮೆಷಿನ್ ಇದ್ದ ಕೋಣೆಯಿಂದ ಹೊರಗಿಟ್ಟೆವು. ಗಟ್ಟಿ ಮರ ಅವಸರದಲ್ಲಿ ಒಣಗಿದರೆ ಸೀಳು ಬಿಡುತ್ತದೆ. ಬಾಗಿಲುಗಳು ಊದಿಕೊಂಡು ಮುಚ್ಚುತ್ತಿರಲಿಲ್ಲ, ಬಡಗಿ ಕೆಳಗೆ ಉಜ್ಜುಗೊರಡು ಹಾಕುತ್ತೇನೆ ಎಂದ. ಬೇಡ ಎಂದೆ. ತಿಂಗಳ ಮೇಲೆ ತಾವೇ ಕುಗ್ಗಿ ಸರಿಯಾದವು. ಆಗಲೇ ಕೆತ್ತಿಸಿದ್ದರೆ ಇವತ್ತು ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದಿ ಇರುತ್ತಿತ್ತು.

ಇದರ ಬದಲು ಆನ್‌ಲೈನಿನಲ್ಲಿ ಮೂರು ನಾಲ್ಕು ಸಾವಿರಕ್ಕೆ ಸಿಗುವ ಪುಟ್ಟ ಡಬ್ಬಿ ಸಾಕಾ ಎಂದು ತುಂಬಾ ಜನ ಕೇಳುತ್ತಾರೆ. ಸಾಲುವುದಿಲ್ಲ. ಅವು ದಿನಕ್ಕೆ ಅರ್ಧ ಲೀಟರ್ ಎಳೆದರೆ ಹೆಚ್ಚು, ಬಟ್ಟೆ ಕಪಾಟಿಗೆ ಸರಿ. ಎಸಿ ಇದ್ದು ಅದರ ಲೈನ್ ಸುರಕ್ಷಿತ ಎಂದು ಎಲೆಕ್ಟ್ರಿಷಿಯನ್ ಹೇಳಿದ್ದರೆ ಡ್ರೈ ಮೋಡ್‌ನಲ್ಲಿ ಇಡಿ, ಸ್ವಲ್ಪ ಸಹಾಯ ಆಗುತ್ತದೆ. ಅಮ್ಮ ತೀರ್ಥಹಳ್ಳಿ ಕಡೆಯವರು. ಮಳೆಗಾಲದಲ್ಲಿ ಬಚ್ಚಲ ಒಲೆಯ ಮೇಲೆ ಬಟ್ಟೆ ಒಣಗಿಸಿ ಬೆಳೆದವರು, ಕೋಣೆಯಲ್ಲಿ ಒಂದು ಅಗ್ಗಿಷ್ಟಿಕೆ ಇಟ್ಟರೆ ಆಯ್ತಲ್ಲ ಎಂದರು. ಊರಿನ ಮನೆಗೆ ಹೆಂಚಿನ ಸಂದಿ ಇರುತ್ತದೆ, ಹೊಗೆ ಹೋಗುತ್ತದೆ. ಕಿಟಕಿ ಮುಚ್ಚಿದ ಸಿಟಿ ಮನೆಯಲ್ಲಿ ಕೆಂಡ ಇಟ್ಟರೆ ವಾಸನೆಯೇ ಇಲ್ಲದ ವಿಷದ ಗಾಳಿ ತುಂಬಿ ಜೀವಕ್ಕೇ ಅಪಾಯ. ಜನರೇಟರ್ ಕೂಡ ಹಾಗೇ, ಅದು ಮನೆ ಹೊರಗೇ ಇರಲಿ.

ಕೊನೆಯದು ಬಣ್ಣ. ಮೆಷಿನ್ ವಾಪಸ್ ಕೊಟ್ಟ ವಾರದಲ್ಲೇ ಪೇಂಟರ್ ಒಬ್ಬರು ಗೋಡೆ ಮುಟ್ಟಿ ನೋಡಿ, ಒಣಗಿದೆ ಮೇಡಂ, ಹೊಡೆದುಬಿಡೋಣ ಎಂದರು. ದಸರಾ ಹತ್ತಿರ ಬಂದಿತ್ತು, ನಮಗೂ ಆಸೆ, ಹಾಲ್‌ಗೆ ಹೊಡೆಸಿದೆವು. ದೀಪಾವಳಿ ಹೊತ್ತಿಗೆ ಕೆಳಗಿನ ಎರಡು ಅಡಿ ಗುಳ್ಳೆ ಎದ್ದು, ಬಿಳೀ ಉಪ್ಪು ಹೊರಗೆ ಬಂದು, ಪೂರ್ತಿ ಕೆರೆಸಬೇಕಾಯಿತು. ಗಾಳಿಯ ತೇವ 52 ಆದರೂ ಗೋಡೆಯ ಒಳಗೆ ಇನ್ನೂ ನೀರಿತ್ತು, ಮೆಷಿನ್ ಮೇಲ್ಪದರ ಒಣಗಿಸುತ್ತದೆ, ಇಟ್ಟಿಗೆಯ ಹೊಟ್ಟೆ ಒಣಗುವುದಕ್ಕೆ ತಿಂಗಳುಗಳೇ ಬೇಕು. ಆಮೇಲೆ ನಾವು ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಒಂದು ದಿನ ಬಿಟ್ಟು ನೋಡುತ್ತಿದ್ದೆವು. ಹಾಳೆಯ ಒಳಗಡೆ ಹನಿ ಕಂಡರೆ ಬಣ್ಣ ಬೇಡ. ನವೆಂಬರ್ ಪೂರ್ತಿ ಹನಿ ಕಾಣುತ್ತಿತ್ತು. ಡಿಸೆಂಬರ್ ಕೊನೆಗೆ ಹಾಳೆ ಒಣಗಿಯೇ ಬಂತು, ಆಗ ಹೊಡೆಸಿದ ಬಣ್ಣ ಇವತ್ತಿಗೂ ಒಂದು ಸಿಪ್ಪೆ ಎದ್ದಿಲ್ಲ.