ಹಸಿರು, ಚುಕ್ಕೆ, ಕೆಂಪು: ಮಂಗಳೂರಿನ ಅಂಗಳದಲ್ಲಿ ಮೂರು ಆಂಪುಲೇರಿಯಾ

ಆಂಪುಲೇರಿಯಾ ಅಂದರೆ ನೆಪೆಂಥಿಸ್ ಕುಲದ ಒಂದು ಹೂಜಿ ಗಿಡ, ಎಲೆಯ ತುದಿಯಲ್ಲಿ ನೀರು ತುಂಬಿದ ಹೂಜಿ ಬಿಡುವಂಥದ್ದು. ಅದರ ಹೂಜಿಗೆ ಮುಚ್ಚಳ ಇದೆ, ಆದರೆ ಅದು ಏನನ್ನೂ ಮುಚ್ಚುವುದಿಲ್ಲ. ಕಿರಿದಾದ ಒಂದು ಪಟ್ಟಿ, ಹಿಂದಕ್ಕೆ ಬಾಗಿಕೊಂಡೇ ಇರುತ್ತದೆ. ಬಾಯಿ ಪೂರ್ತಿ ಆಕಾಶಕ್ಕೆ ತೆರೆದಿರುತ್ತದೆ. ಮಳೆ ಬಂದರೆ ನೀರು ನೇರ ಒಳಗೆ. ಮಂಗಳೂರಿನಲ್ಲಿ ಇದರಿಂದ ಏನಾಗುತ್ತದೆ ಅಂತ ಇಲ್ಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಿಂತ ನೀರು, ಅದರಲ್ಲಿ ಸೊಳ್ಳೆ ಮರಿ. ಗಿಡ ಮಾರುವವರು ಬೆಳಕು, ತೇವಾಂಶ, ಉಷ್ಣತೆ ಎಲ್ಲ ಬರೆಯುತ್ತಾರೆ. ನಾನು ತರಿಸುವಾಗ ಓದಿದ ಯಾವ ವಿವರಣೆಯಲ್ಲೂ ಸೊಳ್ಳೆಯ ಸುದ್ದಿ ಇರಲಿಲ್ಲ. ಕೆಲವು ಮಳೆಗಾಲ ಈ ಗಿಡಗಳ ಜೊತೆ ಕಳೆದ ಮೇಲೆ, ಅದನ್ನೇ ಮೊದಲು ಹೇಳಬೇಕು ಅನ್ನಿಸಿತು.

ನನ್ನ ಬಳಿ ಇರುವುದು ಒಂದೇ ಜಾತಿಯ ಮೂರು ಬಣ್ಣಗಳು. ಪೂರ್ತಿ ಹಸಿರು, ಹಸಿರಿನ ಮೇಲೆ ಕೆಂಪು ಚುಕ್ಕೆ, ಮತ್ತೆ ಪೂರ್ತಿ ಗಾಢ ಕೆಂಪು. ಹಸಿರಿಗೆ 450 ರೂಪಾಯಿ, ಚುಕ್ಕೆಯದಕ್ಕೆ 700, ಕೆಂಪಿಗೆ 2,400. ಎಲ್ಲವೂ ಕೊರಿಯರ್‌ನಲ್ಲಿ ಬಂದವು, ಬೇರಿಗೆ ಒದ್ದೆ ಪಾಚಿ ಸುತ್ತಿ. ಬರುವಾಗ ಇದ್ದ ಹೂಜಿಗಳು ಒಂದೆರಡು ವಾರದಲ್ಲಿ ಒಣಗಿದವು. ಅದಕ್ಕೆ ಗಾಬರಿ ಬೇಡ. ಹೊಸ ಎಲೆ ಬಂದರೆ ಗಿಡ ಉಳಿಯಿತು ಅಂತಲೇ ಅರ್ಥ.

ಕರಾವಳಿಗೆ ಈ ಜಾತಿ ಹೇಳಿ ಮಾಡಿಸಿದ ಹಾಗಿದೆ. ಬೋರ್ನಿಯೋ, ಸುಮಾತ್ರಾ, ಮಲಯ ಪರ್ಯಾಯ ದ್ವೀಪ, ಸಿಂಗಾಪುರ, ನ್ಯೂಗಿನಿಯ ತಗ್ಗು ಪ್ರದೇಶದ ಜೌಗು ಕಾಡು ಇದರ ಮನೆ. ಸೆಕೆ ಬೇಕು, ತೇವ ಬೇಕು, ರಾತ್ರಿಯೂ ತಣ್ಣಗಾಗಬಾರದು. ನಮ್ಮಲ್ಲಿ ಇದಕ್ಕೆಲ್ಲ ಖರ್ಚೇ ಇಲ್ಲ. ಬೆಂಗಳೂರಿನ ಗೆಳೆಯರೊಬ್ಬರ ಬಾಲ್ಕನಿಯಲ್ಲಿ ಇದೇ ಹಸಿರು ಗಿಡ ಡಿಸೆಂಬರ್ ಬಂತೆಂದರೆ ಹೂಜಿ ಬಿಡುವುದನ್ನೇ ನಿಲ್ಲಿಸುತ್ತದೆ. ಅಲ್ಲಿನವರು ಖಾಸಿಯಾನಾ ಬೆಳೆಸುವುದು ಒಳ್ಳೆಯದು. ಮೇಘಾಲಯದ ಬೆಟ್ಟಗಳದ್ದು, ಭಾರತದ ಒಂದೇ ಒಂದು ನೆಪೆಂಥಿಸ್ ಜಾತಿ, ಚಳಿ ತಡೆಯುತ್ತದೆ. ಆದರೆ ನರ್ಸರಿಯಲ್ಲಿ ಬೆಳೆಸಿದ್ದೇ ಅಂತ ಖಾತ್ರಿ ಮಾಡಿಕೊಳ್ಳಿ, ಕಾಡಿನಿಂದ ಕಿತ್ತದ್ದು ಬೇಡವೇ ಬೇಡ.

ನೀರಿನ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು, ಉಪ್ಪು ಈ ಗಿಡಕ್ಕೆ ಆಗುವುದಿಲ್ಲ. ಜೂನ್‌ನಲ್ಲಿ ಮೊದಲ ಕೆಲವು ಮಳೆ ಹಂಚಿನ ಮಾಡಿನ ಧೂಳು ತೊಳೆದು ಹೋಗಲಿ ಅಂತ ಬಿಡುತ್ತೇನೆ. ಆಮೇಲೆ ದಂಬೆಯ ಕೆಳಗೆ ಡ್ರಮ್ ಇಡುತ್ತೇನೆ. ತುಂಬಿದ ಡ್ರಮ್ಮಿನ ಬಾಯಿಗೆ ಹಳೆಯ ಪಂಚೆ ಕಟ್ಟುತ್ತೇನೆ, ಸೊಳ್ಳೆ ಒಳಗೆ ಹೋಗದಂತೆ. ಬೆಳಿಗ್ಗೆ ಕಾಫಿಗೆ ಮೊದಲು ಒಂದು ಚೊಂಬು ನೀರು ಕುಂಡದ ಪಾಚಿಯ ಮೇಲೆ ನಿಧಾನ ಸುರಿಯುವುದು, ಕೆಳಗಿಂದ ಪೂರ್ತಿ ಇಳಿದು ಹೋಗುವುದನ್ನು ನೋಡುವುದು. ದಿನ ಶುರುವಾಗಲು ನನಗೆ ಅಷ್ಟು ಸಾಕು. ಏಪ್ರಿಲ್‌ವರೆಗೆ ಬಾವಿ ನೀರೂ ನಡೆಯುತ್ತದೆ, ಮುರಕಲ್ಲಿನ ಬಾವಿ, ನೀರು ಮೆದು. ಮೇ ತಿಂಗಳಲ್ಲಿ ಹೊಳೆಯ ಉಪ್ಪು ಬಾವಿಗೆ ಬರುತ್ತದೆ. ಆಗ ಡ್ರಮ್ಮೇ ಗತಿ. ತೆಂಗಿನ ನಾರಿನ ಪುಡಿ ಬಳಸುವವರು ಅದನ್ನೂ ಮೂರು ನಾಲ್ಕು ನೀರಿನಲ್ಲಿ ತೊಳೆಯಿರಿ. ಅದರಲ್ಲೂ ಉಪ್ಪಿರುತ್ತದೆ. ಗೊಬ್ಬರವನ್ನು ಬುಡಕ್ಕೆ ಹಾಕಲೇಬೇಡಿ.

ಇನ್ನು ಸೊಳ್ಳೆ. ಮಳೆಗಾಲದಲ್ಲಿ ಲಾರ್ವಾ ನೋಡಲು ಬರುವ ಆಶಾ ಅಕ್ಕ ಗೆರಟೆ, ಟೈರ್, ಫ್ರಿಜ್ಜಿನ ಹಿಂದಿನ ತಟ್ಟೆ ಎಲ್ಲ ನೋಡಿ ಕೊನೆಗೆ ನೆಲ್ಲಿ ಮರದ ಬುಡದಲ್ಲಿ ಇಟ್ಟ ಈ ಗಿಡಗಳ ಹತ್ತಿರ ಬಂದರು. ಟಾರ್ಚ್ ಹಾಕಿದರು. "ಎಂತದು ಅಣ್ಣ ಇದು? ಇದರಲ್ಲಿ ಉಂಟಲ್ಲ!" ಅಂದರು. ಉಂಟು, ನಿಜ. ಹೂಜಿಯ ನೀರಿನಲ್ಲಿ ಬಿದ್ದದ್ದೆಲ್ಲ ಸಾಯುತ್ತದೆ ಅಂತ ನಾವು ಶಾಲೆಯಲ್ಲಿ ಓದಿದ್ದೇವೆ ಅಲ್ವಾ? ಈ ಜಾತಿಯಲ್ಲಿ ಹಾಗಲ್ಲ. ಹೊಸದಾಗಿ ತೆರೆದ ಹೂಜಿಯಲ್ಲಿ ಮರಿಗಳು ಕಡಿಮೆ. ಹಳೆಯದರಲ್ಲಿ, ಮಳೆ ನೀರು ಸೇರಿ ತೆಳುವಾದದ್ದರಲ್ಲಿ, ಆರಾಮವಾಗಿ ಕುಣಿಯುತ್ತಿರುತ್ತವೆ.

ಮೂರು ಬಣ್ಣಗಳ ನಡುವೆ ದೊಡ್ಡ ವ್ಯತ್ಯಾಸ ಕಂಡದ್ದು ಇಲ್ಲೇ. ಕೆಂಪು ಹೂಜಿಗಳಲ್ಲಿ ಮರಿಗಳು ಜಾಸ್ತಿ. ಹಸಿರಿನಲ್ಲಿ ಕಡಿಮೆ. ಚುಕ್ಕೆಯದು ನಡುವೆ. ಮೂರೂ ಒಂದೇ ಮರದ ನೆರಳಿನಲ್ಲಿ, ಒಂದೇ ಸಾಲಿನಲ್ಲಿ ಇವೆ. ಜಾಗ ಬದಲಿಸಿ ಇಟ್ಟರೂ ಹಾಗೆಯೇ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕಪ್ಪು ಬಣ್ಣದ ಪಾತ್ರೆಗಳೆಂದರೆ ಇಷ್ಟ. ಅದಕ್ಕೇ ಅದರ ಮೊಟ್ಟೆ ಹಿಡಿಯಲು ಇಡುವ ಡಬ್ಬಗಳೂ ಕಪ್ಪಗಿರುತ್ತವೆ. ಕೆಂಪು ಆಂಪುಲೇರಿಯಾ ನೆರಳಿನಲ್ಲಿ ಹೆಚ್ಚುಕಡಿಮೆ ಕಪ್ಪಾಗಿಯೇ ಕಾಣುತ್ತದೆ. ಕಾರಣ ಇದೇ ಇರಬೇಕು ಅಂತ ನನ್ನ ಅಂದಾಜು. ಎಲ್ಲಕ್ಕಿಂತ ದುಬಾರಿ ಗಿಡವೇ ಎಲ್ಲಕ್ಕಿಂತ ಹೆಚ್ಚು ಸೊಳ್ಳೆ ಸಾಕುತ್ತದೆ ಅನ್ನುವುದು ನನಗೆ ನಿಜಕ್ಕೂ ಸಿಟ್ಟು ತರಿಸಿತು.

ಪಕ್ಕದ ಮನೆಯವರು ಒಂದು ಹನಿ ಸೀಮೆಎಣ್ಣೆ ಬಿಡಿ ಅಂದರು. ದಯವಿಟ್ಟು ಬಿಡಬೇಡಿ. ಹೂಜಿ ಅಂದರೆ ಎಲೆಯ ತುದಿಯೇ, ಒಳಗಿನ ಗೋಡೆ ಹೀರುವ ಗೋಡೆ. ನಾನು ಮಾಡುವುದು ಇಷ್ಟು. ಪ್ರತಿ ಭಾನುವಾರ ಸೂಜಿಯಿಲ್ಲದ ದೊಡ್ಡ ಸಿರಿಂಜ್‌ನಿಂದ ಒಂದೊಂದೇ ಹೂಜಿಯ ನೀರು ಎಳೆದು, ಟೀ ಸೋಸುವ ಜರಡಿಯಲ್ಲಿ ಸೋಸಿ, ಅದೇ ನೀರನ್ನು ಅದೇ ಹೂಜಿಗೆ ವಾಪಸ್ ಹಾಕುತ್ತೇನೆ. ಮರಿಗಳನ್ನು ಬಿಸಿಲಿಗೆ ಬಿಟ್ಟ ಕಲ್ಲಿನ ಮೇಲೆ ಕೊಡವುತ್ತೇನೆ. ಮೊಟ್ಟೆಯಿಂದ ಸೊಳ್ಳೆಯಾಗಿ ಹಾರಲು ಸಾಮಾನ್ಯವಾಗಿ ಒಂದು ವಾರದ ಮೇಲೆ ಬೇಕು. ಹಾಗಾಗಿ ವಾರ ತಪ್ಪಿಸುವ ಹಾಗಿಲ್ಲ. ಮೊಟ್ಟೆಗಳು ನೀರಿನ ಮಟ್ಟದ ಮೇಲೆ ಗೋಡೆಗೆ ಅಂಟಿರುತ್ತವೆ, ಒಮ್ಮೆ ಸೋಸಿದರೆ ಮುಗಿಯಿತು ಅಂತಲೂ ಇಲ್ಲ. ಕೆಂಪು ಗಿಡಕ್ಕೆ ಈಗ ಜೂನ್‌ನಿಂದ ಅಕ್ಟೋಬರ್‌ವರೆಗೆ ಸೊಳ್ಳೆ ಪರದೆಯ ಚೌಕಟ್ಟು ಮಾಡಿಸಿದ್ದೇನೆ. ಅದಕ್ಕೂ ಖರ್ಚಾಯಿತು.

ಆದರೆ ಹೀಗೆ ಪ್ರತಿ ವಾರ ಹೂಜಿಯೊಳಗೆ ಇಣುಕುತ್ತಾ ಇದ್ದುದರಿಂದಲೇ ಈ ಗಿಡದ ನಿಜವಾದ ಸ್ವಭಾವ ನನಗೆ ಕಂಡಿತು. ಜರಡಿಯಲ್ಲಿ ಸಿಗುತ್ತಿದ್ದುದು ನೊಣ, ಇರುವೆಗಿಂತ ಹೆಚ್ಚಾಗಿ ನೆಲ್ಲಿ ಎಲೆಗಳು. ಚಳಿಗಾಲ ಮುಗಿಯುವ ಹೊತ್ತಿಗೆ ಮರ ಉದುರಿಸುವ ಪುಟಾಣಿ ಎಲೆಗಳು ಹೂಜಿಗಳ ಅರ್ಧದವರೆಗೆ ತುಂಬಿರುತ್ತವೆ. ಮೊದಮೊದಲು ತೆಗೆದು ಸ್ವಚ್ಛ ಮಾಡುತ್ತಿದ್ದೆ. ಈಗ ಚಿಮುಟದಲ್ಲಿ ಹಿಡಿದು ವಾಪಸ್ ಹಾಕುತ್ತೇನೆ. ಕಾಡಿನಲ್ಲಿ ಈ ಜಾತಿ ಬದುಕುವುದೇ ಹೀಗೆ. ಮರದ ಕೆಳಗೆ ಬೆಳೆದ ಆಂಪುಲೇರಿಯಾ ತನ್ನ ಎಲೆಯ ಸಾರಜನಕದ ಸುಮಾರು 35% ಅನ್ನು ಉದುರಿದ ಎಲೆಗಳಿಂದಲೇ ಪಡೆಯುತ್ತದೆ ಅಂತ ಸಾರಜನಕ ಎಲ್ಲಿಂದ ಬಂತು ಅಂತ ಪತ್ತೆ ಹಚ್ಚುವ, 2003ರಲ್ಲಿ ಪ್ರಕಟವಾದ ಐಸೊಟೋಪ್ ಅಧ್ಯಯನ ತೋರಿಸಿದೆ. ಆ ಬಾಗಿದ ಮುಚ್ಚಳ, ತೆರೆದ ಬಾಯಿ, ನೆಲದ ಮೇಲೆ ಒತ್ತೊತ್ತಾಗಿ ಹಾಸಿಕೊಂಡ ಹೂಜಿಗಳು ಎಲ್ಲ ಮೇಲಿನಿಂದ ಬೀಳುವುದನ್ನು ಹಿಡಿಯಲು. ನಾನು ದೋಷ ಅಂದುಕೊಂಡು ಬೈಯುತ್ತಿದ್ದ ಅದೇ ಮುಚ್ಚಳ!

ಬೋರ್ನಿಯೋದಲ್ಲಿ ಸೊಳ್ಳೆ ಮರಿಗಳು, ಹುಳಗಳು ಈ ಗಿಡದ ಅಡುಗೆಯವರು ಇದ್ದ ಹಾಗೆ. ಎಲೆಯ ಚೂರನ್ನು ತಿಂದು ಅರಗಿಸಿ ಗಿಡಕ್ಕೆ ಹೀರಲು ಬರುವ ರೂಪದಲ್ಲಿ ಬಿಡುತ್ತವೆ. ಅಲ್ಲಿನ ಸರವಾಕ್ ರಾಜ್ಯದ ಕುಬಾ ರಾಷ್ಟ್ರೀಯ ಉದ್ಯಾನದಲ್ಲಿ ಒಂದು ಕಪ್ಪೆ ಈ ಹೂಜಿಗಳಲ್ಲೇ ಮೊಟ್ಟೆ ಇಡುತ್ತದೆ. ಗೊದಮೊಟ್ಟೆಗಳು ಅಲ್ಲೇ ಬೆಳೆಯುತ್ತವೆ. ಗಂಡು ಕಪ್ಪೆ 13 ಮಿಲಿಮೀಟರ್ ಕೂಡ ಇಲ್ಲ. ಇದನ್ನು ತಿಳಿದ ಮೇಲೆ ಜರಡಿ ಹಿಡಿಯುವಾಗ ನನ್ನ ಸಿಟ್ಟು ಕಡಿಮೆಯಾಯಿತು. ಡೆಂಗಿ ಇರುವ ಊರಿನಲ್ಲಿ ಸೊಳ್ಳೆ ಮರಿ ತೆಗೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಬೇರೆ ಹುಳಗಳನ್ನು ಮಾತ್ರ ನೀರಿನ ಜೊತೆ ವಾಪಸ್ ಬಿಡುತ್ತೇನೆ.

ಬೆಳವಣಿಗೆಯಲ್ಲಿ ಹಸಿರೇ ಮುಂದು. ಬುಡದಿಂದ ಹೊಸ ಗೊಂಚಲುಗಳು ಬರುತ್ತಲೇ ಇರುತ್ತವೆ. ಆ ಗೊಂಚಲಿನ ಎಲೆಗಳು ಎಷ್ಟು ಸಣ್ಣವೆಂದರೆ ಹೂಜಿಗಳು ನೇರ ಪಾಚಿಯಿಂದಲೇ ಎದ್ದು ಬಂದಂತೆ ಕಾಣುತ್ತವೆ. ಅಮ್ಮನಿಗೂ ಇದೇ ಇಷ್ಟ. ಚುಕ್ಕೆಯದು ಸ್ವಲ್ಪ ನಿಧಾನ, ಆದರೆ ಒಂದು ಹೂಜಿಯ ಚುಕ್ಕೆ ಇನ್ನೊಂದರಲ್ಲಿ ಇರುವುದಿಲ್ಲ. ಹೊಸ ಹೂಜಿ ತೆರೆಯುವ ದಿನ ಬೆಳಿಗ್ಗೆ ಬೇಗ ಎದ್ದು ನೋಡಲು ಹೋಗುತ್ತೇನೆ. ಒಮ್ಮೆ ಒಂದು ಕಡೆ ಪೂರ್ತಿ ಹಸಿರು, ಇನ್ನೊಂದು ಕಡೆ ಪೂರ್ತಿ ಕೆಂಪು ಮಚ್ಚೆ ಬಂದಿತ್ತು. ಕೆಂಪು ತುಂಬಾ ನಿಧಾನ. ಬೆಳಗಿನ ಬಿಸಿಲು ಸಿಕ್ಕಾಗ ಅದರ ಬಣ್ಣ ನೋಡಲು ಎರಡು ಕಣ್ಣು ಸಾಲದು, ಅದನ್ನು ಒಪ್ಪುತ್ತೇನೆ. ಆದರೆ ನನ್ನ ಸಂಬಳದಲ್ಲಿ 2,400 ರೂಪಾಯಿ ಸಣ್ಣ ಮೊತ್ತವಲ್ಲ. ಇನ್ನೊಂದು ಕೆಂಪು ತರಿಸುವುದಿಲ್ಲ.

ಕೆಂಪೇ ಬೇಕು ಅನ್ನುವವರು ಒಂದು ಪ್ರಶ್ನೆ ಕೇಳಿಯೇ ದುಡ್ಡು ಕಳಿಸಿ: ಗಿಡ ಬೀಜದ್ದೋ, ಅಂಗಾಂಶ ಕೃಷಿಯದ್ದೋ (ಟಿಶ್ಯೂ ಕಲ್ಚರ್)? ನೆಪೆಂಥಿಸ್‌ನಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಬೀಜದಿಂದ ಬಂದ ಪ್ರತಿ ಗಿಡವೂ ಬೇರೆ. 'ಕ್ಯಾಂಟ್ಲೀಸ್ ರೆಡ್' ಥರದ ಹೆಸರಿರುವ ತಳಿ ಬೇಕಾದರೆ ಅದು ತುಂಡಿನಿಂದಲೋ ಅಂಗಾಂಶ ಕೃಷಿಯಿಂದಲೋ ಬಂದಿರಲೇಬೇಕು. ಬೀಜದ ಗಿಡಕ್ಕೆ ಆ ಹೆಸರು ಅಂಟಿಸಿ ಬೆಲೆ ಏರಿಸಿದರೆ ಒಪ್ಪಬೇಡಿ. ತರಿಸುವುದಾದರೆ ಸೆಪ್ಟೆಂಬರ್ ನಂತರ ತರಿಸಿ. ಜೋರು ಮಳೆಯಲ್ಲಿ ಕೊರಿಯರ್ ತಡವಾಗಿ ಗಿಡ ಕೊಳೆಯುವ ಭಯ ಇರುತ್ತದೆ. ಹಸಿರಿನ ಬಳ್ಳಿ ಉದ್ದ ಬಂದಾಗ ತುದಿ ಕತ್ತರಿಸಿ ಪಾಚಿಯಲ್ಲಿ ನೆಟ್ಟರೆ ಬೇರು ಬರುತ್ತದೆ, ಕೆಳಗಿನ ಕಾಂಡದಲ್ಲೂ ಹೊಸ ಚಿಗುರು. ಹಾಗೆ ಮಾಡಿದ ಗಿಡಗಳು ಈಗ ನಮ್ಮ ರಸ್ತೆಯ ಮೂರು ಮನೆಗಳಲ್ಲಿವೆ. ಕೊಡುವಾಗ ಪ್ರತಿಯೊಂದರ ಜೊತೆ ಒಂದು ಟೀ ಜರಡಿಯನ್ನೂ ಕೊಟ್ಟಿದ್ದೇನೆ.