ಬಂದೂಕಿನ ಕಾಗದದಲ್ಲಿ ‘9 ಎಂಎಂ ಮೌಸರ್’ ಅಂತಿದ್ದರೆ, ಕೊಳ್ಳುವ ಮುಂಚೆ ಇದನ್ನು ಓದಿ

ಮೆಕ್ಕೆಜೋಳ ಕಾಳು ಕಟ್ಟುವ ಹೊತ್ತಿಗೆ ನಮ್ಮ ಕಡೆ ಯಾರಿಗೂ ಸರಿಯಾಗಿ ನಿದ್ದೆ ಇರುವುದಿಲ್ಲ. ಹೊಳಲ್ಕೆರೆ ಕಡೆಯ ಗುಡ್ಡದ ಸಾಲಿಗೆ ಅಂಟಿಕೊಂಡ ಊರು ನಮ್ಮದು. ಹಂದಿ ಹಿಂಡು ಒಂದು ರಾತ್ರಿ ಹೊಕ್ಕರೆ ಸಾಕು, ಬೆಳಿಗ್ಗೆ ಅರ್ಧ ಎಕರೆ ನೆಲಕ್ಕೆ ಮಲಗಿರುತ್ತದೆ. ತಿನ್ನುವುದಕ್ಕಿಂತ ತುಳಿದು ಹಾಕುವುದೇ ಜಾಸ್ತಿ. ಅಪ್ಪನ ಕಾಲದಿಂದ ಮನೆಯಲ್ಲಿ ಜೋಡು ನಳಿಗೆಯ 12 ಬೋರ್ ಬಂದೂಕು ಇದೆ, ಬೆಳೆ ರಕ್ಷಣೆಯ ಲೈಸೆನ್ಸ್ ಮೇಲೆ. ಅಪ್ಪ ಹೋದ ಮೇಲೆ ಅದು ನನ್ನ ಹೆಸರಿಗೆ ಬಂತು. ಅದರ ಜೊತೆಗೆ ಒಂದು ರೈಫಲ್ ಇರಲಿ ಅಂತ ನಾನು ಆಸೆಪಟ್ಟೆ. ಆ ಆಸೆಯಲ್ಲಿ ದುಡ್ಡು ಹೋಯಿತು, ಅದು ಹೋಗಲಿ. ನನ್ನ ಭಾಮೈದನ ಕಣ್ಣು ಹೋಗುವುದರಲ್ಲಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಈಗ ನಮ್ಮಲ್ಲಿ ಬೇಟೆ ಇಲ್ಲ. ಬೆಳೆ ಹಾಳು ಮಾಡುವ ಹಂದಿಯನ್ನು ಹೊಡೆಯುವುದಕ್ಕೂ ಅದೇ ಕಾಯ್ದೆಯ 11ನೇ ಕಲಂ ಪ್ರಕಾರ ಅರಣ್ಯ ಇಲಾಖೆಯ ಲಿಖಿತ ಆದೇಶ ಬೇಕು. ಬಂದೂಕಿನ ಲೈಸೆನ್ಸ್ ಬೇರೆ, ಆ ಅನುಮತಿ ಬೇರೆ. ಎರಡನ್ನೂ ಒಂದೇ ಅಂದುಕೊಂಡು ಸಿಕ್ಕಿಹಾಕಿಕೊಂಡವರನ್ನು ನೋಡಿದ್ದೇನೆ. ನಾನು ಇಲ್ಲಿ ಹೇಳುವುದು ರೈಫಲ್ ಆರಿಸುವ ವಿಷಯ ಮಾತ್ರ.

2021ರಲ್ಲಿ ನನ್ನ ಲೈಸೆನ್ಸ್‌ಗೆ ರೈಫಲ್ ಸೇರಿಸಲು ಅನುಮತಿ ಸಿಕ್ಕಿತು. ಅಂಗಡಿಯವರೆಲ್ಲ ಹೇಳಿದ್ದು ಒಂದೇ: ಸುಮ್ನೆ ಇಷಾಪುರದ ಸರ್ಕಾರಿ ಕಾರ್ಖಾನೆಯ .315 ರೈಫಲ್ ತಗೊಳ್ಳಿ. ನನಗೆ ಅದು ಒರಟು ಅನ್ನಿಸಿತು. ಅಷ್ಟರಲ್ಲಿ ಕಾಫಿ ಸೀಮೆಯ ಹಿರಿಯರೊಬ್ಬರು ತಮ್ಮ ತಂದೆಯ ಜರ್ಮನ್ ಮೌಸರ್ ರೈಫಲ್ ಮಾರುತ್ತಾರೆ ಅಂತ ಸುದ್ದಿ ಬಂತು. ಹೋಗಿ ನೋಡಿದೆ. ನೋಡಿದ ಕೂಡಲೇ ಬೇಕು ಅನ್ನಿಸುವಂಥದ್ದು. ವಾಲ್ನಟ್ ಮರದ ಹಿಡಿ, ಎಣ್ಣೆ ಕುಡಿದು ಕುಡಿದು ಹುಣಸೆಬೀಜದ ಬಣ್ಣಕ್ಕೆ ತಿರುಗಿತ್ತು. ತೋಟಾ ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಬೋಲ್ಟಿನ ಹಿಡಿಕೆ ತುದಿಯಲ್ಲಿ ಉಂಡೆಯಿಲ್ಲ, ಸೌಟಿನ ಹಿಡಿಯ ಹಾಗೆ ಚಪ್ಪಟೆ. ಟ್ರಿಗರ್ ಎರಡು. ಹಿಂದಿನದನ್ನು ಒಮ್ಮೆ ಎಳೆದು ಬಿಟ್ಟರೆ ಮುಂದಿನದಕ್ಕೆ ಬೆರಳು ತಾಗಿದರೂ ಸಾಕು. ಬೋಲ್ಟ್ ಹಿಂದಕ್ಕೆ ಎಳೆದರೆ ಒಂದು ಚೂರೂ ಸದ್ದಿಲ್ಲ. ಜೊತೆಗೆ ಹಳೇ ರಟ್ಟಿನ ಡಬ್ಬಿಯಲ್ಲಿ 23 ತೋಟಾ.

ಅವರ ಲೈಸೆನ್ಸ್‌ನಲ್ಲಿ ‘9 ಎಂಎಂ ಮೌಸರ್ ರೈಫಲ್’ ಅಂತ ಬರೆದಿತ್ತು. ಡಬ್ಬಿಯ ಮೇಲೆ ಅಳಿದುಳಿದ ಅಕ್ಷರದಲ್ಲೂ ‘9 ಎಂಎಂ’ ಕಾಣುತ್ತಿತ್ತು. ಎರಡೂ ಒಂದೇ ಅಲ್ವಾ, ಇನ್ನೇನು ನೋಡುವುದು ಅಂದುಕೊಂಡೆ. ಆ ಹಿರಿಯರು ಮೋಸಗಾರರಲ್ಲ, ಅದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಅವರು 30 ವರ್ಷದಿಂದ ಅದನ್ನು ಹೊಡೆದೇ ಇರಲಿಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಮಾರುವವರು ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು. ಕಾದೆವು. 1,60,000 ಕೊಟ್ಟೆ. ರೈಫಲ್ಲು, ತೋಟಾ ಎಲ್ಲ ನನ್ನ ಲೈಸೆನ್ಸ್‌ಗೆ ಏರಿಸಿಕೊಂಡೇ ತಂದೆ. ಕಾಗದದಲ್ಲಿ ಮತ್ತೆ ಅದೇ ‘9 ಎಂಎಂ’.

ನಮ್ಮ ಜಮೀನಿನ ಮೂಲೆಯಲ್ಲಿ ಒಂದು ಹಳೇ ಕಲ್ಲುಕ್ವಾರಿ ಇದೆ. ಮೂರು ಕಡೆ ಆಳೆತ್ತರದ ಮಣ್ಣಿನ ಗೋಡೆ. ಅಲ್ಲಿ 50 ಹೆಜ್ಜೆಗೆ ರಟ್ಟು ನಿಲ್ಲಿಸಿದೆ. ಭಾಮೈದ ನನ್ನ ಎಡಗಡೆ ಒಂದು ಹೆಜ್ಜೆ ಹಿಂದೆ ನಿಂತಿದ್ದ. ತೋಟಾ ಸಲೀಸಾಗಿ ಒಳಗೆ ಹೋಯಿತು. ಬೋಲ್ಟ್ ಮುಚ್ಚಿತು. ಹೊಡೆದೆ.

ಸದ್ದೇ ಬೇರೆ ಥರ ಇತ್ತು. ಢಂ ಅನ್ನುವುದರ ಜೊತೆಗೆ ಏನೋ ಹರಿದ ಹಾಗೆ. ಮುಖದ ಹತ್ತಿರ ಬಿಸಿಗಾಳಿ ನುಗ್ಗಿತು. “ಭಾವಾ!” ಅಂತ ಅವನು ಕೂಗಿದ. ತಿರುಗಿ ನೋಡಿದರೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತುಬಿಟ್ಟಿದ್ದ. ಕೈ ಬಿಡಿಸಿ ನೋಡುವವರೆಗೆ ನನ್ನ ಜೀವ ಜೀವದಲ್ಲಿರಲಿಲ್ಲ. ಬಲಗೆನ್ನೆಯ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ, ಎರಡು ಕಡೆ ರಕ್ತ. ಕಣ್ಣಿನಿಂದ ಒಂದು ಬೆರಳು ಕೆಳಗೆ. ದಾವಣಗೆರೆಗೆ ಕರೆದುಕೊಂಡು ಹೋಗಿ ತೋರಿಸಿದೆವು. ಕಣ್ಣಿಗೆ ಏನೂ ಆಗಿಲ್ಲ ಅಂದರು. ಆ ಚುಕ್ಕೆಗಳಲ್ಲಿ ಮೂರು ಇವತ್ತಿಗೂ ಅವನ ಕೆನ್ನೆಯಲ್ಲಿವೆ. ನನ್ನ ಅತ್ತೆ ಎದುರು ಕೂತಾಗಲೆಲ್ಲ ನನಗೆ ಅವೇ ಕಾಣುತ್ತವೆ.

ಬೋಲ್ಟ್ ಎತ್ತಲು ಬರಲಿಲ್ಲ. ಹಾಗೇ ಸುತ್ತಿಕೊಂಡು ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ಹೋದೆ. ವಯಸ್ಸಾದವರು. ಮರದ ಸುತ್ತಿಗೆಯಿಂದ ಸಣ್ಣಗೆ ತಟ್ಟಿ ತಟ್ಟಿ ತೆಗೆದರು. ಹೊರಗೆ ಬಂದ ತೋಟಾದ ಹಿತ್ತಾಳೆ ಕೇಸು ನೋಡಿ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ತೋಟಾಕ್ಕೆ ಒಂದು ಭುಜ ಇರುತ್ತದೆ, ಅಲ್ಲಿಂದ ಮೇಲೆ ಸಣ್ಣ ಕತ್ತು. ಇದರಲ್ಲಿ ಭುಜವೇ ಇರಲಿಲ್ಲ, ಮುಂದಕ್ಕೆ ಉಬ್ಬಿ ಹೋಗಿತ್ತು. ಕತ್ತು ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸೀಳಿತ್ತು. ಒಂದು ಸೀಳು ಕೆಳಗಿನವರೆಗೂ ಇಳಿದು ಬುಡದ ತನಕ ಮಸಿ.

“ಯಜಮಾನ್ರೆ, ಇದು ಈ ಬಂದೂಕಿನದಲ್ಲ” ಅಂದರು.

ಚೇಂಬರಿಗೆ, ಅಂದರೆ ನಳಿಗೆಯಲ್ಲಿ ತೋಟಾ ಕೂರುವ ಜಾಗಕ್ಕೆ, ಗಂಧಕ ಕರಗಿಸಿ ಹುಯ್ದು, ಗಟ್ಟಿಯಾದ ಮೇಲೆ ತೆಗೆದರು. ಹಳದಿ ಬಣ್ಣದ ಅಚ್ಚು. ವರ್ನಿಯರ್ ಹಿಡಿದು ಅಳೆದರು. ರೈಫಲ್ಲು 9.3×62. ನನ್ನ ಡಬ್ಬಿಯಲ್ಲಿದ್ದ ತೋಟಾ 9×57.

ಇದು ಸ್ವಲ್ಪ ಬಿಡಿಸಿ ಹೇಳಬೇಕು, ಎಲ್ಲ ತಪ್ಪು ಶುರುವಾಗುವುದೇ ಇಲ್ಲಿ. ಯುರೋಪಿನ ಲೆಕ್ಕದಲ್ಲಿ ಮೊದಲ ಅಂಕಿ ಗುಂಡಿನ ದಪ್ಪ, ಎರಡನೆಯದು ಕೇಸಿನ ಉದ್ದ, ಎರಡೂ ಮಿಲಿಮೀಟರಿನಲ್ಲಿ. ‘9 ಎಂಎಂ’ ಅಂತ ನಮ್ಮ ಕಾಗದಗಳಲ್ಲಿ ಬರೆಯುವುದರೊಳಗೆ 9×56 ಮ್ಯಾನ್‌ಲಿಕರ್ ಇರಬಹುದು, 9×57 ಮೌಸರ್ ಇರಬಹುದು, 9.3×57, 9.3×62 ಇರಬಹುದು. ಮೌಸರಿನ ಈ ಮೂರಕ್ಕೂ ಬುಡದ ಅಂಚು ಹೆಚ್ಚುಕಮ್ಮಿ ಒಂದೇ ಅಳತೆ. ಅದಕ್ಕೇ ಬೋಲ್ಟ್ ಹಿಡಿದುಕೊಳ್ಳುತ್ತದೆ, ಒಳಗೆ ಹೋಗುತ್ತದೆ, ಸರಿಯಾಗಿದೆ ಅನ್ನಿಸುತ್ತದೆ. ಆದರೆ 57ರ ಕೇಸು 62ರ ಚೇಂಬರಿನಲ್ಲಿ 5 ಮಿಲಿಮೀಟರ್ ಗಿಡ್ಡ. ಮುಂದೆ ಅದಕ್ಕೆ ಆಸರೆಯೇ ಇಲ್ಲ. ಹೊಡೆದ ಕೂಡಲೇ ಹಿತ್ತಾಳೆ ಉಬ್ಬಿ ಹರಿಯುತ್ತದೆ, ಗ್ಯಾಸು ಹಿಂದಕ್ಕೆ ಬರುತ್ತದೆ. ಗುಂಡೂ ಅಷ್ಟೇ. 9×57ರ ಗುಂಡು ಸುಮಾರು 9.05, ನನ್ನ ನಳಿಗೆಗೆ ಬೇಕಾದದ್ದು 9.30. ಕಾಲು ಮಿಲಿಮೀಟರ್ ಸಡಿಲ. ಮಾರನೇ ದಿನ ಕ್ವಾರಿಗೆ ಹೋಗಿ ರಟ್ಟು ನೋಡಿದೆ. ದುಂಡಗಿನ ತೂತಿರಲಿಲ್ಲ. ಗುಂಡು ಪಲ್ಟಿ ಹೊಡೆದು ಅಡ್ಡಡ್ಡ ಹೊಕ್ಕಿತ್ತು, ಬೆಂಕಿಕಡ್ಡಿ ಉದ್ದದ ಸೀಳು.

ನಾವು ಉಳಿದದ್ದು ಆ ಬಂದೂಕಿನ ಕಟ್ಟುವಿಕೆಯಿಂದ. 1898ರ ಮೌಸರಿನಲ್ಲಿ ಕೇಸು ಹರಿದರೆ ಗ್ಯಾಸು ಹೋಗಲು ಬೋಲ್ಟಿನಲ್ಲೇ ತೂತುಗಳಿವೆ, ಎಡಗಡೆಯ ತೋಡಿನ ಮೂಲಕ ಹೊರಗೆ ಹೋಗುತ್ತದೆ. ಬೋಲ್ಟಿನ ಹಿಂದೆ ಅಗಲವಾದ ಅಂಚಿದೆ, ಅದು ಹೊಡೆಯುವವನ ಮುಖವನ್ನು ಕಾಯುತ್ತದೆ. ನನ್ನನ್ನು ಕಾದಿದ್ದು ಅದೇ. ಎಡಗಡೆ ನಿಂತವನನ್ನು ಕಾಯುವುದಕ್ಕೆ ಅಲ್ಲಿ ಏನೂ ಇಲ್ಲ. ಯಾರನ್ನೂ ಪಕ್ಕಕ್ಕೆ ನಿಲ್ಲಿಸಿಕೊಂಡು ಹೊಸ ಬಂದೂಕು ಹೊಡೆಯಬೇಡಿ. ದಮ್ಮಯ್ಯ ಅಂತೀನಿ. ಕಣ್ಣಿಗೆ ಕನ್ನಡಕ ಹಾಕದೆ ಹೊಡೆಯಲೇಬೇಡಿ.

ಸರಿ, ಅಳತೆ ಗೊತ್ತಾಯಿತಲ್ಲ, ಸರಿಯಾದ ತೋಟಾ ತರೋಣ ಅಂತ ಹೊರಟೆ. ಅಲ್ಲಿಂದ ಎರಡನೇ ಪಾಡು ಶುರು. 9.3×62 ಕೆಟ್ಟದ್ದಲ್ಲ. 1905ರಲ್ಲಿ ಬರ್ಲಿನ್‌ನ ಓಟೊ ಬಾಕ್ ಎಂಬ ಬಂದೂಕು ಕಸುಬಿನವರು ಮಾಡಿದ್ದು, ಆಫ್ರಿಕಾದ ಜರ್ಮನ್ ವಸಾಹತುಗಳ ರೈತರಿಗೂ ಬೇಟೆಗಾರರಿಗೂ ಅಂತ. ಮಾಮೂಲಿ ಮೌಸರಿನಲ್ಲೇ ದೊಡ್ಡ ಗುಂಡು ಕೂರಬೇಕು, ಬೆಲೆಯೂ ಕೈಗೆಟುಕಬೇಕು ಅನ್ನುವುದು ಲೆಕ್ಕ. 286 ಗ್ರೇನಿನ ಭಾರದ ಗುಂಡು. ಇವತ್ತಿಗೂ ಸ್ವೀಡನ್ನಿನಲ್ಲಿ ಕಡವೆಗಿಂತ ದೊಡ್ಡ ಮೂಸ್‌ಗೆ, ಜರ್ಮನಿಯಲ್ಲಿ ಕಾಡುಹಂದಿಗೆ ಅದನ್ನು ಬಳಸುತ್ತಾರೆ. ನಾರ್ಮಾ, ಸೆಲಿಯರ್ ಅಂಡ್ ಬೆಲೊ, ಪ್ರ್ವಿ ಪಾರ್ಟಿಜಾನ್ ಎಲ್ಲರೂ ತೋಟಾ ಮಾಡುತ್ತಾರೆ. ಅಲ್ಲಿನವರು ಹೊಗಳಿದ್ದನ್ನು ಓದಿ ನಾವು ಇಲ್ಲಿ ಮರುಳಾಗುತ್ತೇವೆ. ಅಲ್ಲಿ ಅಂಗಡಿಗೆ ಹೋದರೆ ಡಬ್ಬಿ ಸಿಗುತ್ತದೆ. ಇಲ್ಲಿ?

ಬೆಂಗಳೂರಿನಲ್ಲಿ ಕೇಳಿದೆ, ಹುಬ್ಬಳ್ಳಿಯಲ್ಲಿ ಕೇಳಿದೆ, ಗೊತ್ತಿದ್ದವರಿಂದ ಹೈದರಾಬಾದಿನಲ್ಲಿ ಕೇಳಿಸಿದೆ. ಎಲ್ಲೂ ಒಂದೂ ಇಲ್ಲ. ಹೊರದೇಶದಿಂದ ತರಿಸುವ ದಾರಿ ಹೆಸರು ಮಾಡಿದ ಶೂಟರ್‌ಗಳಿಗೆ ಇದೆ, ಬೆಳೆ ಕಾಯುವ ರೈತನಿಗಿಲ್ಲ. ಒಬ್ಬರಂತೂ “ಖಾಲಿ ಕೇಸು ತನ್ನಿ, ತುಂಬಿಸಿ ಕೊಡ್ತೀವಿ” ಅಂದರು. ಇನ್ನೊಬ್ಬರು ಲೇತ್‌ನಲ್ಲಿ ನಳಿಗೆ ಬದಲಾಯಿಸೋಣ ಅಂದರು. ಲೈಸೆನ್ಸ್ ಇಲ್ಲದೆ ತೋಟಾ ಮಾಡುವುದು, ಬಂದೂಕು ಮಾರ್ಪಡಿಸುವುದು ಎರಡೂ ಅಪರಾಧ. ಅದಕ್ಕಿಂತ ಹೆಚ್ಚಾಗಿ, ಆ ಹರಿದ ಕೇಸನ್ನು ಕಣ್ಣಾರೆ ನೋಡಿದವನು ಯಾರೋ ಅಂದಾಜಿನಲ್ಲಿ ತುಂಬಿದ ತೋಟಾವನ್ನು ಮುಟ್ಟುವುದಿಲ್ಲ. ನೀವೂ ಮುಟ್ಟಬೇಡಿ.

ಆಗ .315ರ ಬೆಲೆ ಗೊತ್ತಾಯಿತು. ಅದರ ಮೂಲವೂ ಯುರೋಪೇ. ಆಸ್ಟ್ರಿಯಾದ 8×50 ಮ್ಯಾನ್‌ಲಿಕರ್ ತೋಟಾದಿಂದ ಬಂದದ್ದು. ಬ್ರಿಟಿಷರು ಸೈನ್ಯದ .303 ಜನರ ಕೈಗೆ ಸಿಗಬಾರದು ಅಂತ ತಡೆದಾಗ ಆ ಜಾಗಕ್ಕೆ ಇದು ಬಂತು. ಆದರೆ ಬಂದೂಕು ಇಷಾಪುರದಲ್ಲಿ ಆಗುತ್ತದೆ, ತೋಟಾ ನಮ್ಮದೇ ಕಾರ್ಖಾನೆಗಳಲ್ಲಿ ಆಗುತ್ತದೆ. ನೋಡಲು ಒರಟು, ನಿಜ. ಆದರೆ ಅಂಗಡಿಯವರು ಕಪಾಟಿನಿಂದ ತೆಗೆದು ಕೊಡುತ್ತಾರೆ, ಲೈಸೆನ್ಸ್‌ನಲ್ಲಿ ಬರೆದು ಕೊಡುತ್ತಾರೆ.

ಈಗ ಅದನ್ನಾದರೂ ತಗೊಳ್ಳೋಣ ಅಂದರೆ ಆಗುವುದಿಲ್ಲ. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಬಂದ ಮೇಲೆ ಒಬ್ಬರಿಗೆ ಎರಡೇ ಬಂದೂಕು. ಮುಂಚೆ ಮೂರಿತ್ತು. ಅಪ್ಪನ 12 ಬೋರ್ ಒಂದು, ಈ ಮೌಸರ್ ಇನ್ನೊಂದು. ಅಪ್ಪನದನ್ನು ಕೊಡಲು ಮನಸ್ಸಿಲ್ಲ. ಮೌಸರ್ ಕೊಳ್ಳುವವರಿಲ್ಲ. ಯಾರು ಬಂದರೂ ಮೊದಲ ಪ್ರಶ್ನೆ “ತೋಟಾ ಸಿಗುತ್ತಾ?” ನಾನು ಸುಳ್ಳು ಹೇಳುವುದಿಲ್ಲ, ಅವರು ಚಹಾ ಕುಡಿದು ಹೋಗುತ್ತಾರೆ. ಹೊಡೆಯಲು ಬಾರದ ಒಂದು ಬಂದೂಕು ನನ್ನ ಲೈಸೆನ್ಸ್‌ನ ಅರ್ಧ ಜಾಗ ತಿಂದು ಕೂತಿದೆ.

ಕಾಗದದ ‘9 ಎಂಎಂ’ ಇನ್ನೊಂದು ಕಡೆಯೂ ಕಾಡಿತು. 2023ರ ವಿಧಾನಸಭೆ ಚುನಾವಣೆಗೆ ಬಂದೂಕು ಜಮಾ ಮಾಡಲು ಹೋದಾಗ ಬರೆದುಕೊಳ್ಳುತ್ತಿದ್ದವರು ಆ ಸಾಲಿನಲ್ಲಿ ನಿಂತುಬಿಟ್ಟರು. 9 ಎಂಎಂ ಅಂದರೆ ನಿಷೇಧಿತ ಬೋರ್ (ನಳಿಗೆಯ ಅಳತೆ) ಅಲ್ವಾ ಅಂತ. ನಿಷೇಧ ಇರುವುದು ಸೈನ್ಯದ 9 ಎಂಎಂ ತೋಟಾ ಹಾರಿಸುವ ಪಿಸ್ತೂಲು, ಕಾರ್ಬೈನ್‌ಗಳಿಗೆ. ಅದನ್ನು ವಿವರಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಲೈಸೆನ್ಸ್‌ನಲ್ಲಿ ಬರೆದ ಬೋರ್ ಸರಿಪಡಿಸಲು ರಿಪೇರಿಯವರ ಪತ್ರ ಇಟ್ಟು ಅರ್ಜಿ ಕೊಟ್ಟೆ. ತಿದ್ದುಪಡಿ ಆಗಿ ಬರಲು ಏಳು ತಿಂಗಳು ಹಿಡಿಯಿತು. 2024ರಲ್ಲಿ ಮತ್ತೆ ಲೋಕಸಭೆ ಚುನಾವಣೆ, ಮತ್ತೆ ಜಮಾ. ವಾಪಸ್ ತಂದಾಗ ನಳಿಗೆಯ ಬಾಯಲ್ಲಿ ತುಕ್ಕು ಹಿಡಿದಿತ್ತು. ಜಮಾ ಮಾಡುವ ಮುಂಚೆ ಗ್ರೀಸ್ ಹಚ್ಚದೇ ಇದ್ದದ್ದು ನನ್ನ ತಪ್ಪು.

ಹಳೇ ಯುರೋಪಿನ ರೈಫಲ್ ನೋಡಲು ಹೋಗುವವರು ಹಿಡಿಯ ಮರ ನೋಡುವ ಮುಂಚೆ ಮಾರುವವರ ಕಾಗದ ಕೇಳಿ. ಬೋರ್ ಜಾಗದಲ್ಲಿ ಎರಡು ಅಂಕಿ ಇಲ್ಲದೆ ಬರೀ ‘9’, ‘8’ ಅಂತಿದ್ದರೆ ಅದನ್ನು ನಂಬಬೇಡಿ. ಡಬ್ಬಿಯನ್ನೂ ನಂಬಬೇಡಿ, ಯಾವ ಡಬ್ಬಿಗೆ ಯಾವುದನ್ನು ಯಾರು ತುಂಬಿದರೋ. ತೋಟಾದ ಬುಡ ನೋಡಿದರೂ ಹಳೇ ಜರ್ಮನ್ ಸರಕಿನಲ್ಲಿ ಅಳತೆ ಇರದೆ ಕಂಪನಿಯ ಸಂಕೇತದ ನಂಬರ್ ಮಾತ್ರ ಇರುವುದುಂಟು, ನನ್ನದರಲ್ಲಿ ಹಾಗೇ ಇತ್ತು. ಬಂದೂಕನ್ನು ಪರೀಕ್ಷೆ ಮಾಡಿ ಒತ್ತಿದ ಪ್ರೂಫ್ ಗುರುತುಗಳು ಹೆಚ್ಚಾಗಿ ನಳಿಗೆಯ ಅಡಿಯಲ್ಲಿ ಮರದೊಳಗೆ ಇರುತ್ತವೆ, ಬಿಚ್ಚಿಸದೆ ಕಾಣುವುದಿಲ್ಲ. ದುಡ್ಡು ಕೊಡುವ ಮುಂಚೆಯೇ ಲೈಸೆನ್ಸ್ ಇರುವ ರಿಪೇರಿಯವರಿಂದ ಚೇಂಬರಿನ ಅಚ್ಚು ತೆಗೆಸಿ. ನನಗೆ ಅದಕ್ಕೆ ಆದ ಖರ್ಚು 800 ರೂಪಾಯಿ. ಆಮೇಲೆ ಆ ಅಳತೆ ಹಿಡಿದು ಮೂರು ಅಂಗಡಿಗೆ ಫೋನ್ ಮಾಡಿ, ಇವತ್ತು ತೋಟಾ ಇದೆಯಾ ಅಂತ ಕೇಳಿ. ‘ತರಿಸಿ ಕೊಡ್ತೀವಿ’ ಅಂದರೆ ಇಲ್ಲ ಅಂತಲೇ ಅರ್ಥ.

ಹೋದ ವಾರ ಜಗಳೂರು ಕಡೆಯ ಹುಡುಗನೊಬ್ಬ ಫೋನ್ ಮಾಡಿದ್ದ. 10.75×68 ಮೌಸರ್ ಒಂದು ಬಂದಿದೆಯಂತೆ, ಹಿಡಿಯ ಮೇಲೆ ಕೆತ್ತನೆ ಇದೆಯಂತೆ, ಬಹಳ ಚೆನ್ನಾಗಿದೆಯಂತೆ. ತೋಟಾ ಎಷ್ಟಿದೆ ಕೇಳಿದೆಯಾ ಅಂದೆ. ಕೇಳಿ ಹೇಳ್ತೀನಿ ಅಣ್ಣ ಅಂದ. ಸಂಜೆ ಫೋನ್ ಬಂತು. ಆರು ಇವೆಯಂತೆ, ಅದರಲ್ಲಿ ಎರಡಕ್ಕೆ ಹಸಿರು ಕಿಲುಬು. ಆ ಹರಿದ ಕೇಸಿನ ಫೋಟೊ ತೆಗೆದು ಅವನಿಗೆ ಕಳಿಸಿದೆ. ಭಾಮೈದನನ್ನು ಕೇಳಿ, ಅವನ ಕೆನ್ನೆಯ ಫೋಟೊ ಕೂಡ.