ತೆಳ್ಳಗಿನ ಬಿಸಿನೆಸ್ ಲ್ಯಾಪ್‌ಟಾಪ್ ತಗೊಳ್ಳುವವರೇ, ಸ್ವಲ್ಪ ತಡೆಯಿರಿ

ಚಾರ್ಜಿಂಗ್ ಪೋರ್ಟ್ ಸಡಿಲವಾಗಿದೆ ಅಂತ ಲ್ಯಾಪ್‌ಟಾಪ್ ಕೊಟ್ಟರೆ ಸರ್ವಿಸ್ ಸೆಂಟರಿನ ಹುಡುಗ ಹೇಳಿದ್ದು ಇಷ್ಟು: "ಸಾರ್, ಇದರಲ್ಲಿ ಪೋರ್ಟ್ ಬೇರೆ ಬರಲ್ಲ, ಬೋರ್ಡೇ ಬದಲಿಸಬೇಕು." ಅದಕ್ಕೆ ಕೇಳಿದ ದುಡ್ಡು ನಾನು ಲ್ಯಾಪ್‌ಟಾಪಿಗೆ ಕೊಟ್ಟಿದ್ದರ ಅರ್ಧಕ್ಕಿಂತ ಜಾಸ್ತಿ. ನಲ್ಲಿ ಸೋರಿದರೆ ಟ್ಯಾಂಕ್ ಬದಲಿಸಿ ಅಂದ ಹಾಗಾಯಿತು. ಕಂಪನಿ ಹೆಸರು, ಅಂಗಡಿ ಹೆಸರು ಹೇಳಲ್ಲ. ಯಾಕೆಂದರೆ ಇದು ಒಂದು ಕಂಪನಿಯ ಕಥೆ ಅಲ್ಲ, ಒಂದು ಕೆಜಿ ಚಿಲ್ಲರೆ ತೂಗುವ ಲ್ಯಾಪ್‌ಟಾಪುಗಳಲ್ಲಿ ಬಹಳಷ್ಟು ಹೀಗೇ ಇವೆ.

ನಾನು ದಾವಣಗೆರೆಯಲ್ಲಿ ಆಡಿಟ್ ಕೆಲಸ ಮಾಡುವವನು. ಹರಿಹರ, ರಾಣೆಬೆನ್ನೂರು, ಚಳ್ಳಕೆರೆ ಅಂತ ಪಾರ್ಟಿಗಳ (ನಮ್ಮ ಗಿರಾಕಿಗಳ) ಹತ್ತಿರ ಓಡಾಡುತ್ತಲೇ ಇರಬೇಕು, ಜಾಸ್ತಿ ಬಸ್ಸಿನಲ್ಲೇ. ಹಾಗಾಗಿ ಹಗುರ ಲ್ಯಾಪ್‌ಟಾಪಿನ ಸುಖ ಏನು ಅಂತ ನನಗೆ ಗೊತ್ತು, ಸುಮ್ನೆ ಬೈಯುವುದಿಲ್ಲ. ಹೆಗಲು ನೋಯಲ್ಲ. ಕರೆಂಟ್ ಹೋದರೂ ಮಧ್ಯಾಹ್ನದವರೆಗೆ ಕೆಲಸ ನಿಲ್ಲಲ್ಲ. ಕೀಬೋರ್ಡ್ ಚೆನ್ನಾಗಿದೆ, ಪರದೆ ಕಿಟಕಿ ಬೆಳಕಿಗೆ ಮಿಂಚಲ್ಲ, ಅದರ 65 ವ್ಯಾಟ್ ಚಾರ್ಜರಿನಲ್ಲೇ ಫೋನೂ ಚಾರ್ಜ್ ಆಗುತ್ತದೆ.

ಆದರೆ ಆ ತೂಕ ಎಲ್ಲಿಂದ ಇಳಿಸಿದರು ಅಂತ ಯಾರೂ ಹೇಳಲ್ಲ ಅಲ್ವಾ? ಜಾಗ ಉಳಿಸೋಕೆ, ತೆರೆದ ಕೆಲಸಗಳನ್ನು ಹಿಡಿದಿಡುವ ಮೆಮೊರಿ ಅಂದರೆ ರ‍್ಯಾಮ್ ಅನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕುತ್ತಾರೆ. ಎಷ್ಟೋ ಮಾಡೆಲ್‌ಗಳಲ್ಲಿ ಯುಎಸ್‌ಬಿ-ಸಿ ಪೋರ್ಟೂ ಹಾಗೇ. ನನ್ನದರಲ್ಲಿ ಇದ್ದದ್ದು 8 ಜಿಬಿ. "ಆಮೇಲೆ ಹಾಕಿಸಿಕೊಳ್ಳಬಹುದು ಸಾರ್" ಅಂತ ಅಂಗಡಿಯವನು ಧೈರ್ಯವಾಗಿ ಹೇಳಿದ್ದ. ಹಾಕಿಸೋಕೆ ಒಳಗೆ ಸ್ಲಾಟೇ ಇಲ್ಲ! ಟ್ಯಾಲಿ, ದೊಡ್ಡದೊಂದು ಎಕ್ಸೆಲ್, ಕ್ರೋಮಿನಲ್ಲಿ ಜಿಎಸ್‌ಟಿ ಪೋರ್ಟಲ್, ಜೊತೆಗೆ ಒಂದು ವಿಡಿಯೋ ಕಾಲ್ ಬಂತೋ, ಮೌಸ್ ಕೂಡ ತಡೆದು ತಡೆದು ಓಡುತ್ತದೆ. ವಿವರದ ಪಟ್ಟಿಯಲ್ಲಿ ರ‍್ಯಾಮ್ ಮುಂದೆ ಎಲ್‌ಪಿಡಿಡಿಆರ್5 ಅಂತ ಇದ್ದರೆ ಅದು ಬೆಸುಗೆ ಹಾಕಿದ್ದು ಅಂತಲೇ ತಿಳಿದುಕೊಂಡು ಆಮೇಲೆ ಮಾತಾಡಿ. 2024ರಲ್ಲಿ ಬಂದ ಇಂಟೆಲ್ ಕೋರ್ ಅಲ್ಟ್ರಾ 200ವಿ ಚಿಪ್‌ಗಳಲ್ಲಂತೂ ರ‍್ಯಾಮ್ ಪ್ರೊಸೆಸರಿನ ಜೊತೆಗೇ ಕೂತಿರುತ್ತದೆ, 16 ಇಲ್ಲವೇ 32 ಜಿಬಿ, ಅಷ್ಟೇ. ಕೊಳ್ಳುವ ದಿನ ಎಷ್ಟಿತ್ತೋ ಕೊನೆವರೆಗೂ ಅಷ್ಟೇ.

ಇನ್ನು ಪೋರ್ಟಿನ ಗೋಳು. ನಮಗೆ ಡಿಎಸ್‌ಸಿ ಟೋಕನ್ (ಡಿಜಿಟಲ್ ಸಹಿ ಇರುವ, ಪೆನ್‌ಡ್ರೈವ್‌ನಂಥ ಸಾಧನ) ಇಲ್ಲದೆ ಕೆಲಸ ನಡೆಯಲ್ಲ, ಕಂಪನಿಗಳ ರಿಟರ್ನ್‌ಗೆ ಡಿಜಿಟಲ್ ಸಹಿ ಬೇಕೇ ಬೇಕು. ನಮ್ಮ ಟೋಕನ್‌ಗಳೆಲ್ಲ ಹಳೇ ಅಗಲದ ಯುಎಸ್‌ಬಿಯವು. ಈ ಲ್ಯಾಪ್‌ಟಾಪಿನಲ್ಲಿ ಇರೋದೇ ಎರಡು ಸಿ ಪೋರ್ಟ್, ಒಂದರಲ್ಲಿ ಚಾರ್ಜರ್. ಇನ್ನೊಂದಕ್ಕೆ ಹಬ್ ಸಿಕ್ಕಿಸಿ ಅದಕ್ಕೆ ಟೋಕನ್, ಪೆನ್‌ಡ್ರೈವ್, ಪಾರ್ಟಿಯ ಪ್ರಿಂಟರ್ ಎಲ್ಲ ನೇತುಹಾಕಬೇಕು. ಅಗ್ಗದ ಹಬ್ ಆದರೆ ಟೋಕನ್ ಒಮ್ಮೆ ಕಾಣುತ್ತದೆ, ಒಮ್ಮೆ ಕಾಣಲ್ಲ. ಸೆಪ್ಟೆಂಬರ್ ಕೊನೆಯಲ್ಲಿ, ಟ್ಯಾಕ್ಸ್ ಆಡಿಟ್ ರಿಪೋರ್ಟ್ ಹಾಕುವ ಗಡಿಬಿಡಿಯಲ್ಲಿ ಅದು ಕಾಣದೆ ಹೋದರೆ ಹೇಗಿರುತ್ತದೆ ಅಂತ ಈ ಕೆಲಸದಲ್ಲಿ ಇರುವವರಿಗೆ ಹೇಳಬೇಕಿಲ್ಲ. ಹೀಗೆ ಚಾರ್ಜರೂ ಹಬ್ಬೂ ಹಾಕಿ ತೆಗೆದು ಹಾಕಿ ತೆಗೆದು ಪೋರ್ಟುಗಳು ಒಂದಾದ ಮೇಲೊಂದು ಸಡಿಲವಾದವು. ಚಾರ್ಜ್ ಮಾಡೋಕೆ ಬೇರೆ ದಾರಿಯೇ ಇಲ್ಲ.

ಬಿಸಿಯ ಬಗ್ಗೆ ಒಂದೇ ಮಾತು. ಪ್ರೊಸೆಸರ್ ಹೆಸರು ನೋಡಿ ಮರುಳಾಗಬೇಡಿ. ಇಂಟೆಲ್‌ನ ಹೆಸರಿನ ಕೊನೆಯಲ್ಲಿ ಯು ಇರುವ ಚಿಪ್‌ಗಳಲ್ಲಿ ಹೆಚ್ಚಿನವು 15 ವ್ಯಾಟ್ ಲೆಕ್ಕದವು, ದಪ್ಪ ಲ್ಯಾಪ್‌ಟಾಪುಗಳ ಎಚ್ ಇರುವ ಚಿಪ್‌ಗಳಲ್ಲಿ ಹಲವು 45 ವ್ಯಾಟ್. ಎರಡರ ಮೇಲೂ ಐ5, ಐ7 ಅಂತ ಒಂದೇ ಸ್ಟಿಕ್ಕರ್. ಏಪ್ರಿಲ್ ಬಿಸಿಲಲ್ಲಿ, ಧೂಳು ತುಂಬಿದ ಮಿಲ್ಲಿನ ಆಫೀಸಿನಲ್ಲಿ ಕೂತರೆ ತೆಳ್ಳಗಿನ ಮೈಯಿಂದ ಬಿಸಿ ಹೊರಗೆ ಹೋಗಲ್ಲ, ಆಗ ಚಿಪ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ.

ಹಾಗಾದರೆ ತಗೊಳ್ಳೋದೇ ಬೇಡವಾ? ತಗೊಳ್ಳಿ, ಆದರೆ ಮೊದಲು ಆ ಮಾಡೆಲ್‌ನ ಸರ್ವಿಸ್ ಮ್ಯಾನುವಲ್ ಇಳಿಸಿಕೊಂಡು ನೋಡಿ. ಲೆನೊವೊ, ಡೆಲ್, ಎಚ್‌ಪಿ ಮೂರೂ ತಮ್ಮ ಬಿಸಿನೆಸ್ ಮಾಡೆಲ್‌ಗಳದ್ದನ್ನು ಸೈಟಿನಲ್ಲಿ ಪುಕ್ಕಟೆ ಹಾಕಿವೆ. ರ‍್ಯಾಮ್, ಬ್ಯಾಟರಿ, ಯುಎಸ್‌ಬಿ ಬೋರ್ಡ್ ಬಿಚ್ಚುವ ಚಿತ್ರ ಅದರಲ್ಲಿ ಬೇರೆ ಬೇರೆಯಾಗಿ ಇದ್ದರೆ ಸರಿ, ಇಲ್ಲದಿದ್ದರೆ ಆಸೆ ಬಿಡಿ. ಹಗುರವಾಗಿದ್ದೂ ಬಿಚ್ಚಿ ಕಟ್ಟಲು ಬರುವಂಥವು ಇವೆ. 2024ರ ಲೆನೊವೊ ಥಿಂಕ್‌ಪ್ಯಾಡ್ ಟಿ14 ಐದನೇ ಪೀಳಿಗೆಯಲ್ಲಿ ಎರಡು ರ‍್ಯಾಮ್ ಸ್ಲಾಟ್ ಇವೆ, ಬ್ಯಾಟರಿ ನಾವೇ ಬದಲಿಸಬಹುದು. ಇನ್ನೂರು ಮುನ್ನೂರು ಗ್ರಾಂ ಜಾಸ್ತಿ ಹೊತ್ತರೆ ಏನೂ ಆಗಲ್ಲ.

ವಾರಂಟಿ ವಿಷಯದಲ್ಲಿ ಬಾಯಿಮಾತು ನಂಬಬೇಡಿ. ನನಗೆ ಹೇಳಿದ್ದು ಮೂರು ವರ್ಷ, ಮನೆಗೇ ಬಂದು ರಿಪೇರಿ. ಕಂಪನಿ ಸೈಟಿನಲ್ಲಿ ಇದ್ದದ್ದು ಒಂದು ವರ್ಷ, ಅದೂ ನಾವೇ ಹೊತ್ತುಕೊಂಡು ಹೋಗಬೇಕು. ಕೇಳಿದರೆ ಅಂಗಡಿಯವನು "ಬಿಲ್ಲಲ್ಲಿ ಬರೆದಿದ್ದೀವಾ?" ಅಂದ. ಡಬ್ಬದ ಮೇಲಿನ ಸೀರಿಯಲ್ ನಂಬರ್ ಅನ್ನು ಅಂಗಡಿಯಲ್ಲೇ ನಿಂತು ಕಂಪನಿ ಸೈಟಿನಲ್ಲಿ ಹಾಕಿ ನೋಡಿ, ಆಮೇಲೆ ದುಡ್ಡು ಕೊಡಿ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ಕೆಲಸ ನಿಲ್ಲಬಾರದು ಅಂತ ಕೊನೆಗೆ ಬೋರ್ಡ್ ಬದಲಿಸಿಯೇ ಬಿಟ್ಟೆ. ಮನೆಗೆ ತಂದು ಆನ್ ಮಾಡಿದರೆ ನೀಲಿ ಪರದೆ, 48 ಅಂಕಿಯ ಬಿಟ್‌ಲಾಕರ್ ಕೀ ಕೊಡು ಅಂತ. ಹೊಸ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ಎಷ್ಟೋ ಸಲ ತಾನಾಗಿಯೇ ಡಿಸ್ಕ್‌ಗೆ ಈ ಬಿಟ್‌ಲಾಕರ್ ಬೀಗ ಹಾಕಿರುತ್ತದೆ, ಬೋರ್ಡ್ ಬದಲಾದರೆ ಅದು ನಮ್ಮನ್ನೂ ಕಳ್ಳ ಅಂತಲೇ ನೋಡುತ್ತದೆ. ಪುಣ್ಯಕ್ಕೆ ಕೀ ನನ್ನ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇತ್ತು, ಪಾರ್ಟಿಗಳ ಲೆಕ್ಕ ಉಳಿಯಿತು. ನಿಮ್ಮದನ್ನೂ ಇವತ್ತೇ ಹುಡುಕಿ ಒಂದು ಹಾಳೆಯಲ್ಲಿ ಬರೆದಿಡಿ, ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಇಡಲೇಬೇಡಿ.